ಎಲ್ಲರಿಗೂ ಅಕ್ಕ

ನಾನು ಓದಿದ್ದು ನಾಲ್ಕನೆಯ ಕ್ಲಾಸು. ವಿಲೆ ಪಾರ್ಲೆಯ ಒಂದು ನೀರಿನ ಶಿಕ್ಷಣ ಕೇಂದ್ರದಲ್ಲಿ ನೆಲ ಒರೆಸುತ್ತೇನೆ. ಶಾಲೆಯ ಮಕ್ಕಳು ಬಸ್ಸಿನಲ್ಲಿ ಬಂದು ನೀರು ಉಳಿಸುವುದನ್ನು ಕಲಿತು ಹೋಗುತ್ತಾರೆ. ಒಳಗೊಂದು ಸಿಮೆಂಟಿನ ಬೆಟ್ಟ, ಅದರಿಂದ ದಿನವಿಡೀ ಧುಮುಕುವ ಜಲಪಾತ. ಅದೇ ನೀರು ತಿರುಗಿ ತಿರುಗಿ ಬರುತ್ತದೆ, ಹಾಳಾಗುವುದಿಲ್ಲ ಎಂದು ಕೇಂದ್ರದ ಮೇಡಂ ಮಕ್ಕಳಿಗೆ ಹೇಳುತ್ತಾರೆ. ಪ್ರತಿ ಸೋಮವಾರ ಆ ತೊಟ್ಟಿಯನ್ನು ಮೋರಿಗೆ ಖಾಲಿ ಮಾಡಿ ಹೊಸ ನೀರು ತುಂಬುವವಳು ನಾನು.

ದಹಿಸರ್‌ನಲ್ಲಿ ನನ್ನ ತಂಗಿ ಇರುವ ಚಾಳಿಗೆ, ಆ ಸಾಲುಮನೆಗಳ ವಠಾರಕ್ಕೆ, ನಾಲ್ಕು ದಿನದಿಂದ ನೀರಿರಲಿಲ್ಲ. ಅವಳು ಪಾರ್ಲೆಯಲ್ಲೇ ಎರಡು ಮನೆಯಲ್ಲಿ ಅಡುಗೆ ಮಾಡುತ್ತಾಳೆ. ಕೆಲಸ ಮುಗಿಸಿ ನಮ್ಮ ಹಿಂದಿನ ಗೇಟಿಗೆ ಬಾ, ಅಲ್ಲಿನ ನಲ್ಲಿಯಲ್ಲಿ ತುಂಬಿಕೊ ಎಂದು ಕರೆದವಳೂ ನಾನೇ.

ಎರಡು ಕ್ಯಾನ್ ತುಂಬುವಷ್ಟರಲ್ಲಿ ವಾಚ್‌ಮನ್ ಅವಳನ್ನು ಹಿಡಿದ. ವಿಜಯಪುರದ ಕಡೆಯವನು. "ಏನಬೇ, ಬರೇ ಎರಡ ಕ್ಯಾನ್ ತಂದೀಯಲ್ಲ? ಟ್ಯಾಂಕರ್ ಸ್ಟೇಶನ್ನಾಗ ಬಿಟ್ಟು ಬಂದಿ ಏನು?"

ಗದ್ದಲ ಕೇಳಿ ನಾನು ಓಡಿ ಬಂದೆ. ಮಕ್ಕಳ ಸಾಲಿನೊಂದಿಗೆ ಮೇಡಂ ಕೂಡ ಬಂದರು.

"ಅಕ್ಕಾ, ನೀನಾದ್ರೂ ಹೇಳು ಮಾರಾಯ್ತಿ," ಎಂದಳು ತಂಗಿ.

"ತುಮ್ಹಾರಿ ಬೆಹನ್ ಹೈ?" ನಿನ್ನ ತಂಗಿಯಾ ಎಂದು ಮೇಡಂ ನನ್ನನ್ನು ಕೇಳಿದರು.

"ನಹೀ ಮೇಡಂ. ಹಮಾರೆ ಲೋಗ್ ಸಬ್‌ಕೋ ಅಕ್ಕಾ ಬೋಲ್ತೇ ಹೈ."

ನಮ್ಮವರು ತರಕಾರಿ ಮಾರುವವಳಿಗೂ ಅಕ್ಕ ಎನ್ನುತ್ತಾರೆ, ನಿಜ. ಕೆಲಸ ಹೋಗುತ್ತದೆಂಬ ಹೆದರಿಕೆಗೆ ಆ ನಿಜ ಎಷ್ಟು ಬೇಗ ಒದಗಿಬಂತು!

ತಂಗಿ ನನ್ನನ್ನು ಒಮ್ಮೆ ನೋಡಿದಳು. "ಹಾಂ ಮೇಡಂ, ಯೇ ಮೇರಿ ಕೋಯಿ ನಹೀ." ಇವಳು ನನಗೆ ಯಾರೂ ಅಲ್ಲ ಎಂದಳು.

ನೀರು ಎಲ್ಲರದು, ಕದಿಯಬಾರದು ಎಂದು ಮೇಡಂ ಮಕ್ಕಳಿಗೆ ಪಾಠ ಮಾಡಿದರು. ಎರಡು ಕ್ಯಾನನ್ನೂ ಅವಳ ಕೈಯಿಂದಲೇ ಜಲಪಾತದ ತೊಟ್ಟಿಗೆ ಸುರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲರದಂತೆ! ಎಲ್ಲರ ನೀರು ಆಟದ ಬೆಟ್ಟ ಹತ್ತಬಹುದು, ಇವಳ ಅನ್ನದ ಪಾತ್ರೆಗೆ ಮಾತ್ರ ಇಳಿಯಬಾರದು. ಈಗ ಇಷ್ಟೆಲ್ಲ ಬೈಯುತ್ತೇನೆ. ಅವತ್ತು ನೆಲಕ್ಕೆ ಚೆಲ್ಲಿದ್ದನ್ನು ಒರೆಸಿದೆ, ಅಷ್ಟೆ.

ಭಾನುವಾರ ದಹಿಸರ್‌ಗೆ ಹೋದೆ. ಅವಳ ಮನೆಯಲ್ಲಿ ನಾನು ಕೇಳದೆಯೇ ಕೊಡದಿಂದ ಮೊಗೆದು ಕುಡಿಯುವವಳು. ಆ ಕಡೆ ಹೆಜ್ಜೆ ಇಡುವಷ್ಟರಲ್ಲಿ, "ಕೂತ್ಕೊಳ್ಳಿ" ಎಂದಳು. ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಲೋಟದಲ್ಲಿ ನೀರು ತಂದು ಮುಂದಿಟ್ಟಳು. ನಮ್ಮೂರ ಕಡೆ ಹೊರಗಿನವರು ಬಂದರೆ ಹಾಗೆ ಕೊಡುವುದು.

"ನಂಗೆ ಯಾಕೆ ಬೆಲ್ಲ ನೀರು? ನಾನೇನು ನೆಂಟಳಾ?"

"ತಗೊಳ್ಳಿ. ಬಿಸಿಲಲ್ಲಿ ಬಂದಿದ್ದೀರಿ."

ಚಾಳಿನ ನಲ್ಲಿಯಲ್ಲಿ ಅವತ್ತೂ ನೀರು ಬಂದಿರಲಿಲ್ಲ. ಆ ಲೋಟವನ್ನು ಅಲ್ಲೇ ಬಿಟ್ಟು ಏಳುವ ಧೈರ್ಯ ನನಗಾಗಲಿಲ್ಲ. ಪೂರ್ತಿ ಕುಡಿದೆ.