ಆರು ಕಲ್ಲಿಗೆ ಏಳು ಕಿಲೋಮೀಟರು

ಬೆಳಗಿನ ಮೊದಲ ಎಸ್‌ಟಿ ಬಸ್ಸಿಗೆ ಸುಳಕೂಡ ಬಿಟ್ಟೆ. ಮಹಾರಾಷ್ಟ್ರದ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಟಿಕೀಟು, ಹೀಗಾಗಿ ಇಚಲಕರಂಜಿ ನಮಗೆ ಅಗ್ಗದ ಊರು. ಕೊರಳಲ್ಲಿ ತಾಳಿಯ ಜೊತೆಗೆ ಒಂದು ಸಣ್ಣ ಕೀಲಿಕೈ ತೂಗುತ್ತಿತ್ತು. ನಮ್ಮ ಲಾರಿಯ ಡೀಸೆಲ್ ಟಾಕಿಗೆ ಹಾಕಿದ ಬೀಗದ ಕೀಲಿ ಅದು. ಲಾರಿ ಹೊಡೆಯುವವನು ನನ್ನ ಒಡಹುಟ್ಟಿದ ತಮ್ಮ ಬೀರು. ಬೀಗ ಹಾಕಿದ್ದು ಅವನ ಮೇಲಿನ ಅನುಮಾನಕ್ಕೆ. ಕೀಲಿ ನನ್ನ ಕೊರಳಿಗೆ ಬಂದದ್ದು ಯಾರ ಒತ್ತಾಯದಿಂದಲೂ ಅಲ್ಲ, ನಾನೇ ಕೇಳಿ ಹಾಕಿಕೊಂಡಿದ್ದೆ.

ಲಾರಿ ನಮ್ಮ ಯಜಮಾನರು ಮತ್ತು ಅವರ ಅಣ್ಣ, ಅಂದರೆ ನಮ್ಮ ಭಾವನವರು, ಸೇರಿ ತಂದದ್ದು. ಯಜಮಾನರಿಗೆ ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ಪಾಳಿ ಕೆಲಸ. ಕಬ್ಬಿನ ಹಂಗಾಮಿನಲ್ಲಿ ಲಾರಿಯ ಹಿಂದೆ ಓಡಾಡುವವಳು ನಾನು. ಕಳೆದ ಹಂಗಾಮಿನಲ್ಲಿ, ಹಸಿ ಹೊಲದಿಂದ ಕಬ್ಬು ಎಳೆಯುವಾಗ, ಹಿಂದಿನ ಆಕ್ಸೆಲ್ಲಿನಲ್ಲಿ ಗಾಲಿ ತಿರುಗಿಸುವ ಹಲ್ಲಿನ ಚಕ್ರಗಳ ಜೋಡಿ, ಕ್ರೌನ್-ಪಿನಿಯನ್, ಹಲ್ಲು ಮುರಿದುಕೊಂಡಿತು. ರಿಪೇರಿ ಮಾಡಿಸಿದೆವು. ಹಂಗಾಮು ಮುಗಿದು ಲಾರಿ ಮತ್ತೆ ಹೆದ್ದಾರಿಯ ಬಾಡಿಗೆಗೆ ಬಂದ ಮೇಲೆ ಅದರ ಆವರೇಜು ಬಿದ್ದುಹೋಯಿತು. ಅದೇ ದಾರಿ, ಅದೇ ಭಾರ, ಡೀಸೆಲ್ ಮಾತ್ರ ಜಾಸ್ತಿ ಕುಡಿಯುತ್ತಿತ್ತು. ನಾಝಲ್ ತೆಗೆಸಿ ನೋಡಿದ್ದಾಯಿತು, ಏರ್ ಫಿಲ್ಟರ್ ಹೊಸದು ಹಾಕಿಸಿದ್ದಾಯಿತು. ಏನೂ ಫರಕಾಗಲಿಲ್ಲ.

ಆಗ ಭಾವನವರು ಮೀಟರು ನೋಡಿದರು. ಗಡಹಿಂಗ್ಲಜಕ್ಕೆ ಹೋಗಿ ಬಂದರೆ ಮೊದಲು ಓಡುತ್ತಿದ್ದಕ್ಕಿಂತ ಮೀಟರು ಈಗ ಹೆಚ್ಚು ಓಡಿತ್ತು. ಡೀಸೆಲ್ಲೂ ಹೆಚ್ಚು, ಕಿಲೋಮೀಟರೂ ಹೆಚ್ಚು. ಎರಡೂ ಒಂದಕ್ಕೊಂದು ತಾಳೆಯಾಗುತ್ತಿದ್ದವು. ಬೀರು ನಮಗೆ ಹೇಳದೆ ಅಡ್ಡ ಬಾಡಿಗೆ ಹೊಡೆಯುತ್ತಿದ್ದಾನೆ ಎಂದು ಮನೆಯಲ್ಲಿ ತೀರ್ಮಾನವಾಯಿತು.

ನಾವು ಕುರಿ ಕಾಯ್ದ ಮಂದಿ. ನಮ್ಮಲ್ಲಿ ಸುಳ್ಳು-ನಿಜ ತೀರಬೇಕಾದರೆ ದೇವರ ಭಂಡಾರ, ಅಂದರೆ ಅರಿಷಿಣದ ಪುಡಿ, ಕೈಯಲ್ಲಿ ಹಿಡಿದು ಆಣೆ ಮಾಡಬೇಕು. ಭಾವನವರು ಬೀರುವಿನ ಮುಂದೆ ಭಂಡಾರದ ತಾಟು ಇಟ್ಟರು. ಅವನು ಮುಟ್ಟಲಿಲ್ಲ. "ಕ್ರೌನ್ ನೋಡ್ರಿ ಅಂತ ಒಂದ್ ಸಲ ಹೇಳೀನಿ. ಬರೇ ಬಾಯೀಲೆ ಹೇಳಿದ್ದು ಖರೆ ಅನಸಲಿಲ್ಲಂದ್ರ, ಕೈ ಹಳದಿ ಮಾಡ್ಕೊಂಡು ಹೇಳಿದ್ದು ಹೆಂಗ ಖರೆ ಆಗತೈತಿ?" ಎಂದು ಎದ್ದು ಹೋದ. ಮುಟ್ಟಲಿಲ್ಲ ಎಂಬುದೇ ಒಪ್ಪಿಕೊಂಡ ಹಾಗಾಯಿತು.

ನಾನು ಅವನ ಹಿಂದೆಯೇ ಹೋದೆ. "ತಿಂದಿದ್ರ ಒಪ್ಪಕೊ, ನಾ ಮುಚ್ಚಿ ಹಾಕತೇನಿ" ಎಂದೆ. ಎತ್ತಿ ಆಡಿಸಿದ ತಮ್ಮನಿಗೆ ಹೇಳಿದ ಮಾತು ಇದು. ಅವನು ನನ್ನ ಮುಖ ನೋಡಿ ನಡೆದುಬಿಟ್ಟ. ಭಾವನವರು ಬೇರೆ ಡ್ರೈವರನನ್ನು ಗೊತ್ತು ಮಾಡಿಬಿಟ್ಟಿದ್ದರು. ಇಚಲಕರಂಜಿಯಿಂದ ಗಡಹಿಂಗ್ಲಜಕ್ಕೆ ಹೋಗಿ ಬರುವ ಈ ಖೇಪು ಬೀರುವಿನ ಕೊನೆಯದು. ಕಳ್ಳನೆಂದು ಇಳಿಸಿದರೆ ಇಚಲಕರಂಜಿಯ ಯಾವ ಟ್ರಾನ್ಸ್‌ಪೋರ್ಟಿನವರೂ ಅವನ ಕೈಗೆ ಸ್ಟೇರಿಂಗ್ ಕೊಡುವುದಿಲ್ಲ. ಕಣ್ಣಾರೆ ನೋಡಿಯೇ ಬಿಡುತ್ತೇನೆ ಎಂದು ನಾನು ಹೊರಟದ್ದು ಅದಕ್ಕೆ. ಹೆಂಗಸು ಲಾರಿಯ ಕ್ಲೀನರ್ ಸೀಟಿನಲ್ಲಿ ಕೂತು ತಿರುಗಿದಳು ಎಂದು ಊರಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಇಚಲಕರಂಜಿಯಲ್ಲಿ ಇಳಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮಗ್ಗಗಳ ಸದ್ದು ಓಣಿ ಓಣಿಯಲ್ಲಿ. ಹಮಾಲರು ನಮ್ಮ ಲಾರಿಗೆ ಬಟ್ಟೆಯ ಗಂಟುಗಳನ್ನು ಏರಿಸಿ ಹಗ್ಗ ಬಿಗಿಯುತ್ತಿದ್ದರು. ಬೀರು ನನ್ನ ಕೊರಳ ಕೀಲಿ ನೋಡಿದ, ಹಮಾಲರಿಗೆ ಕೇಳುವ ಹಾಗೆಯೇ, "ಇವತ್ತ ಕ್ಲೀನರ್ ಇಲ್ರಿ, ಪೊಲೀಸರನ್ನ ಕುಂದರಿಸ್ಕೊಂಡು ಹೊಂಟೇನಿ" ಎಂದ. ಅವರು ನಕ್ಕರು. ನಾನೂ ನಗುವ ಹಾಗೆ ಮಾಡಿದೆ.

ಪಂಪಿನಲ್ಲಿ ನಾನೇ ಬೀಗ ತೆಗೆದೆ. ಟಾಕಿಯ ಕುತ್ತಿಗೆಯವರೆಗೆ ತುಂಬಿಸಿ ಮತ್ತೆ ಬೀಗ ಹಾಕಿದೆ. ಅಲ್ಲಿಂದ ಕೊಲ್ಲಾಪುರದ ದಾರಿ ಹಿಡಿದೆವು. ಊರು ಹತ್ತಿರ ಬಂದಾಗ ಅವನು ಲಾರಿ ಬದಿಗೆ ನಿಲ್ಲಿಸಿ, ಇಳಿಯಲು ಹೇಳಿದ. ಹಿಂದಿನ ಗಾಲಿಯ ಡ್ರಮ್ಮಿನ ಮೇಲೆ ನನ್ನ ಕೈ ಇಡಿಸಿದ. ರಿಪೇರಿಯಾದ ಮೇಲೆ ಬ್ರೇಕು ಹಿಡಿದುಕೊಂಡೇ ಇದ್ದರೆ ಡ್ರಮ್ಮು ಕೈ ಸುಡುತ್ತದೆ, ಡೀಸೆಲ್ಲೂ ತಿನ್ನುತ್ತದೆ ಎಂದು ಅವನು ವಿವರಿಸಿದ. ಎರಡೂ ಕಡೆ ಮುಟ್ಟಿದೆ. ರೊಟ್ಟಿಯ ಬುಟ್ಟಿಯಷ್ಟು ಬೆಚ್ಚಗಿತ್ತು, ಸುಡುತ್ತಿರಲಿಲ್ಲ. "ಇದೂ ಅಲ್ಲ. ಈಗ ಉಳಿದಾವ ನಾನ ನೋಡು" ಎಂದು ಹತ್ತಿ ಕೂತ.

ಕೊಲ್ಲಾಪುರದಲ್ಲಿ ಗಂಟುಗಳನ್ನು ಇಳಿಸಿ, ಗಡಹಿಂಗ್ಲಜದ ಅಂಗಡಿಗೆ ಗೊಬ್ಬರದ ಚೀಲ ಹೇರಿದೆವು. ನಡುವೆ ಮಿಸಳ್ ತಿಂದೆವು. ಅದರ ಸಾರು ಎಷ್ಟು ಖಾರವಿತ್ತೆಂದರೆ ಇಬ್ಬರ ಕಣ್ಣಲ್ಲೂ ನೀರು ಬಂತು, ಒರೆಸಿಕೊಳ್ಳಲು ಅದೊಂದು ಒಳ್ಳೆಯ ನೆಪವಾಯಿತು.

ಹೆದ್ದಾರಿಗೆ ಬಿದ್ದ ಮೇಲೆ ಬೀರು, "ಕೇಳಾಕತ್ತೀ?" ಎಂದ. ಇಂಜಿನ್ನು ಕೂಗುತ್ತಿತ್ತು. ಆಚೆ ಈಚೆ ನಮ್ಮಂಥವೇ ಲಾರಿಗಳು ಹಗುರವಾಗಿ ಮುಂದೆ ಹೋಗುತ್ತಿದ್ದವು. ಮೇಲಿನ ಗೇರಿನಲ್ಲಿದ್ದರೂ ಒಂದು ಗೇರು ಕೆಳಗಿದ್ದ ಹಾಗೆ ಇದು ಅಳುತ್ತದೆ ಎಂದು ಅವನು ಹೇಳಿದ. ನನ್ನ ಕಣ್ಣು ಮೀಟರಿನ ಮೇಲಿತ್ತು. ಎಲ್ಲಿ ಅಡ್ಡದಾರಿ ಹಿಡಿಯುತ್ತಾನೋ ನೋಡಲು ಬಂದವಳಲ್ಲವೇ ನಾನು?

ಕಾಗಲ ಬಿಟ್ಟು, ದೂಧಗಂಗಾ ಹೊಳೆ ದಾಟಿದರೆ ಕರ್ನಾಟಕ. ದಾರಿಬದಿಯ ಹಲಗೆಗಳಲ್ಲಿ ಕನ್ನಡ ಬಂತು. ನಾನು ಕಲಿತದ್ದು ಐದನೇ ಇಯತ್ತೆ, ಅದೂ ಕನ್ನಡ ಶಾಲೆಯಲ್ಲಿ. ಅಕ್ಷರ ಕಂಡ ಖುಷಿಗೆ ಒಂದೊಂದೇ ಓದುತ್ತ ಹೋದೆ, ಕಿಲೋಮೀಟರಿನ ಕಲ್ಲುಗಳನ್ನೂ ಓದಿದೆ. ಕಲ್ಲು ಬರುವ ಮುಂಚೆಯೇ ಮೀಟರು ಮುಂದಿನ ಅಂಕಿಗೆ ಹೊರಳುತ್ತಿತ್ತು. ಮೊದಲು ನನ್ನ ಕಣ್ಣೇ ತಪ್ಪಿತು ಅಂದುಕೊಂಡೆ.

ನಮ್ಮಪ್ಪನಿಗೆ ಓದು ಬರುತ್ತಿರಲಿಲ್ಲ. ಸಂಜೆ ಕುರಿ ದಡ್ಡಿಗೆ ಬರುವಾಗ ಇಪ್ಪತ್ತು ಕುರಿಗೆ ಒಂದರಂತೆ ಕಂಬಳಿಯ ದಶಿಗೆ, ಅಂಚಿನ ಎಳೆಗೆ, ಗಂಟು ಹಾಕುತ್ತಿದ್ದ. ನಾನೂ ಹಾಗೇ ಮಾಡಿದೆ. ಮೀಟರು ಹೊರಳುವುದು ಮತ್ತು ಕಲ್ಲು ಎದುರಾಗುವುದು ಒಂದೇ ಹೊತ್ತಿಗೆ ಬಂದಾಗ ಶುರು ಮಾಡಿ, ಮುಂದಿನ ಪ್ರತಿ ಕಲ್ಲಿಗೆ ಸೆರಗಿನ ಕುಚ್ಚಿನಲ್ಲಿ ಒಂದು ಗಂಟು ಹಾಕಿದೆ. ಆರು ಗಂಟು ಆಗುವ ಹೊತ್ತಿಗೆ ಮೀಟರು ಏಳು ಓಡಿತ್ತು. ಇನ್ನೊಮ್ಮೆ ಎಣಿಸಿದೆ. ಆರು ಕಲ್ಲು, ಏಳು ಕಿಲೋಮೀಟರು. ಲಾರಿ ಎಲ್ಲೂ ಅಡ್ಡ ತಿರುಗಿರಲಿಲ್ಲ. ನಾನು ಅದರಲ್ಲೇ ಕೂತಿದ್ದೆ.

"ಬೀರೂ, ಮೀಟರ್ ಸುಳ್ಳ ಹೇಳಾಕತ್ತೈತಿ" ಎಂದೆ.

"ನಿನಗ ಈಗ ಗೊತ್ತಾತೇನು?" ಎಂದ. ನಕ್ಕನೋ ಬೈದನೋ ತಿಳಿಯಲಿಲ್ಲ.

ಮತ್ತೆ ಗಡಿ ದಾಟಿ ಮಹಾರಾಷ್ಟ್ರದ ಗಡಹಿಂಗ್ಲಜ ಮುಟ್ಟಿದಾಗ ಮೋಡ ಕವಿದಿತ್ತು. ಚೀಲ ಇಳಿಸುವಷ್ಟರಲ್ಲಿ ನಾಲ್ಕು ಹನಿ ಉದುರಿ ಮಣ್ಣಿನ ವಾಸನೆ ಎದ್ದಿತು. ಗೊಬ್ಬರದಂಗಡಿಯ ಶೇಟಜಿ ಜೈನರು, ಹಳೆಯ ಪರಿಚಯ, ಒಳ್ಳೆಯ ಮನುಷ್ಯ. ಅವರು ಚಹಾ ಕೊಡುತ್ತ, ಟಾಕಿಯ ಬೀಗದ ಕಡೆ ಕಣ್ಣು ಹಾಯಿಸಿ, ಈಗ ಆವರೇಜು ಸುಧಾರಿಸಿತೇನಮ್ಮಾ ಎಂದು ಮೆಲ್ಲಗೆ ಕೇಳಿದರು. ಸುದ್ದಿ ನಮಗಿಂತ ಮುಂಚೆ ಬಂದು ಕೂತಿತ್ತು. ಬೀರು ಕಪ್ಪು ಹಾಗೆಯೇ ಇಟ್ಟು ಹೊರಗೆ ಹೋದ. ನನ್ನ ತಮ್ಮ ಒಂದು ಹನಿ ಡೀಸೆಲ್ ಮುಟ್ಟಿಲ್ಲ, ಅದನ್ನು ನಾನೇ ಹೇಳುತ್ತಿದ್ದೇನೆ ಎಂದು ಶೇಟಜಿಗೆ ಹೇಳಿದೆ. ಆ ಮಾತು ಬಾಯಿಂದ ಬಂದದ್ದು ಅದೇ ಮೊದಲು. ಎಷ್ಟು ತಡವಾಗಿತ್ತು ಎಂಬುದು ಆಡಿದ ಮೇಲೆ ತಿಳಿಯಿತು.

ರಾತ್ರಿ ಅಲ್ಲೇ ಸಂಬಂಧಿಕರ ಮನೆಯಲ್ಲಿ ಉಳಿದೆವು. ಮರುದಿನ ಬಾಡಿಗೆ ಸಿಗದೆ ಖಾಲಿ ಲಾರಿಯಲ್ಲೇ ಹೊರಟೆವು. ಭಾರವಿಲ್ಲದಿದ್ದರೂ ಆರು ಕಲ್ಲಿಗೆ ಏಳೇ. ಕಾಗಲದಲ್ಲಿ ಊರಿನ ದಾರಿಗೆ ತಿರುಗಿಸದೆ ನೆಟ್ಟಗೆ ಗೋಕುಳ ಶಿರಗಾಂವಕ್ಕೆ ಬಿಡು ಎಂದೆ. ಕ್ರೌನ್ ಕೂಡಿಸಿದ ಮಿಸ್ತ್ರಿಯ ಗ್ಯಾರೇಜು ಅಲ್ಲಿದೆ.

ಮಿಸ್ತ್ರಿ ನನ್ನ ಗಂಟುಗಳ ಲೆಕ್ಕ ಕೇಳಿ, ಕೈ ಒರೆಸಿಕೊಳ್ಳುತ್ತ, ಅದು ಸರಿಯಾಗೇ ಇದೆ ಎಂದ. ಹಳೆಯ ಪಿನಿಯನ್ನಿಗೆ ಏಳು ಹಲ್ಲು ಇದ್ದವು. ಈಗ ಕೂಡಿಸಿದ್ದು ಟಿಪ್ಪರಿನದು, ಅದಕ್ಕೆ ಆರೇ. ಒಂದು ಹಲ್ಲು ಕಡಿಮೆಯಾದರೆ ಗಾಲಿ ಒಂದು ಸುತ್ತು ತಿರುಗಲು ಇಂಜಿನ್ನು ಹೆಚ್ಚು ತಿರುಗಬೇಕು. ಹೊಲದಲ್ಲಿ ಎಳೆಯಲು ಅದು ಗಟ್ಟಿ, ಹೆದ್ದಾರಿಯಲ್ಲಿ ಮಾತ್ರ ಸುಮ್ಮನೆ ಡೀಸೆಲ್ ಸುಡುತ್ತದೆ. ಮೀಟರಿನ ಕೇಬಲ್ಲು ಹೊರಡುವುದು ಗೇರ್‌ಬಾಕ್ಸಿನ ಹಿಂಭಾಗದಿಂದ. ಅದು ಗಾಲಿಯ ಸುತ್ತು ಎಣಿಸುವುದಿಲ್ಲ, ಇಂಜಿನ್ನಿನಿಂದ ಬರುವ ಉದ್ದನೆಯ ಶಾಫ್ಟಿನ ಸುತ್ತು ಎಣಿಸುತ್ತದೆ. ಹೀಗಾಗಿ ಓಡದ ದಾರಿಯನ್ನೂ ಓಡಿದ ಹಾಗೆ ತೋರಿಸುತ್ತದೆ.

ನಾನು ಅವನ ಮೇಲೆ ಹರಿಹಾಯ್ದೆ. ಟಿಪ್ಪರಿನದನ್ನು ನಮ್ಮ ಲಾರಿಗೆ ಹಾಕು ಎಂದು ನಿನಗೆ ಹೇಳಿದವರು ಯಾರು ಎಂದು ಕೇಳಿದೆ. ಮಿಸ್ತ್ರಿ ಒಮ್ಮೆ ಬೀರುವನ್ನು ನೋಡಿ, ಆಮೇಲೆ ಮರಾಠಿಯಲ್ಲಿ, "ವೈನಿ, ತುಮ್ಹೀಚ್ ಸಾಂಗಿತಲಂ" ಎಂದ. ನೀವೇ ಹೇಳಿದ್ದು.

ಆಗ ಎಲ್ಲ ನೆನಪಾಯಿತು. ಕಡಿದ ಕಬ್ಬು ಹೊಲದಲ್ಲಿ ಒಣಗುತ್ತಿತ್ತು, ಕಬ್ಬು ಕಡಿಯುವ ಟೋಳಿಯ ಜನ ಕೈಕಟ್ಟಿ ಕೂತಿದ್ದರು. ಇದು ಟಿಪ್ಪರಿನದು, ಎರಡು ದಿನ ತಡೆದರೆ ನಮ್ಮ ಲಾರಿಯದೇ ಸಿಗುತ್ತದೆ ಎಂದು ಬೀರು ಇದೇ ಜಾಗದಲ್ಲಿ ನಿಂತು ಹೇಳಿದ್ದ. ಎಳೆಯುತ್ತದೆಯೋ ಇಲ್ಲವೋ ಅಷ್ಟು ಹೇಳಿ, ಕೂಡಿಸಿರಿ ಎಂದವಳು ನಾನು. ಎಳೆಯಿತು. ಟ್ರ್ಯಾಕ್ಟರಿನ ನೆರವಿಲ್ಲದೆ ಕೆಸರಿನಿಂದ ಮೇಲೆ ಬಂತೆಂದು ಪೇಢೆ ಹಂಚಿದ್ದೆ. ಹಂಗಾಮು ಮುಗಿದ ಮೇಲೆ ಬದಲಿಸೋಣ ಎಂದು ಅವನಿಗೆ ನಾನೇ ಹೇಳಿದ್ದನ್ನು ಪೂರ್ತಿ ಮರೆತಿದ್ದೆ. ಅವನು ಮರೆತಿರಲಿಲ್ಲ. ಕ್ರೌನ್ ನೋಡ್ರಿ ಎಂದು ಎಲ್ಲರ ಮುಂದೆ ಹೇಳಿದಾಗಲೂ ಅಕ್ಕ ಹಾಕಿಸಿದಳು ಎಂದು ನನ್ನ ಹೆಸರು ತೆಗೆದಿರಲಿಲ್ಲ.

ಮರುದಿನ ಏಳು ಹಲ್ಲಿನದನ್ನು ಕೂಡಿಸುವುದೆಂದು ಗೊತ್ತು ಮಾಡಿ ಹೊರಟೆವು. ಕಾಗಲದ ತಿರುವಿನಲ್ಲಿ ಬೀರು ಲಾರಿ ನಿಲ್ಲಿಸಿದ. "ಮನೀ ತನಕ ತಂದು ಬಿಡತೇನಿ. ಆಮ್ಯಾಲ ನಿಮ್ಮ ಹೊಸಾ ಡ್ರೈವರನ ಕೈಯಾಗ ಕೊಡ್ರಿ."

ಹೋಗಬೇಡ, ತಪ್ಪಾಯಿತು ಎಂದೆ. ಅವನು ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡೇ, "ಇಲ್ಲಿ ಯಾರದಾರ ಕೇಳಾಕ? ಭಂಡಾರ ಕೇಳಿದವರ ಮುಂದ ಹೇಳು" ಎಂದ.

ಸುಳಕೂಡ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅಂಗಳದಲ್ಲಿ ಭಾವನವರು, ಪಾಳಿ ಮುಗಿಸಿ ಬಂದ ನಮ್ಮ ಯಜಮಾನರು, ಓಣಿಯ ನಾಲ್ಕು ಹಿರಿಯರು. ಹೊಸ ಡ್ರೈವರನೂ ಬಂದು ಕಟ್ಟೆಯ ಮೇಲೆ ಕೂತಿದ್ದ. ಬೀರು ಲಾರಿಯಿಂದ ಇಳಿಯಲಿಲ್ಲ. ನಾನು ಒಳಗೆ ಹೋಗಿ ದೇವರ ಮುಂದಿನ ಭಂಡಾರದ ತಾಟು ತಂದೆ. ನಮ್ಮ ಮನೆಯಲ್ಲಿ ಅದನ್ನು ಗಂಡಸರೇ ಎತ್ತುವುದು. ಭಾವನವರು, "ಅದನ್ಯಾಕ ನೀ ಮುಟ್ಟಿದಿ?" ಎಂದರು.

"ತಪ್ಪ ನಂದೈತಿ ಭಾವಾರ, ಅದಕ್ಕ" ಎಂದು ಮುಷ್ಟಿ ತುಂಬ ತೆಗೆದುಕೊಂಡೆ. ಟಿಪ್ಪರಿನ ಪಿನಿಯನ್ ಹಾಕಿಸಿದವಳು ನಾನು, ತಮ್ಮ ಬೇಡ ಎಂದರೂ ಹಾಕಿಸಿದೆ, ಅವನು ಒಂದು ಹನಿ ಕದ್ದಿಲ್ಲ, ಒಂದು ಮಾರು ಅಡ್ಡದಾರಿ ತುಳಿದಿಲ್ಲ ಎಂದು ಆಣೆ ಮಾಡಿದೆ. ಸೆರಗಿನ ಗಂಟುಗಳನ್ನು ತೋರಿಸಿದೆ. ನಂಬಿಕೆ ಬರದಿದ್ದವರು ಹೆದ್ದಾರಿಗೆ ಬಂದು ಕಲ್ಲು ಎಣಿಸಲಿ ಎಂದೆ. ಭಾವನವರು ಬಹಳ ಹೊತ್ತು ಕುಚ್ಚು ನೋಡಿದರು. ಕಡೆಗೆ ಹೊಸ ಡ್ರೈವರನ ಕಡೆ ತಿರುಗಿ, ಚಹಾ ಕುಡಿದು ಹೋಗಪ್ಪ ಎಂದರು. ಅವರ ಬಾಯಿಂದ ಅದಕ್ಕಿಂತ ಹೆಚ್ಚು ಬರುವುದಿಲ್ಲ, ನಾನು ಕೇಳಲೂ ಇಲ್ಲ.

ಕೊರಳಿನ ಕೀಲಿ ಬಿಚ್ಚಿ, ಅದೇ ಹಳದಿ ಕೈಯಲ್ಲಿ ಹಿಡಿದು, ಲಾರಿಯ ಬಾಗಿಲಿಗೆ ಹೋದೆ. ಎಲ್ಲರೂ ನೋಡುತ್ತಿದ್ದಾಗ, "ಗಾಡಿ ನೀನ ಹೊಡಿಬೇಕೋ ತಮ್ಮಾ" ಎಂದು ಕೈ ಚಾಚಿದೆ. ಅವನು ಕೂಡಲೇ ತೆಗೆದುಕೊಳ್ಳಲಿಲ್ಲ. ನನ್ನ ಕೈ ನೋವು ಬರುವವರೆಗೆ ಕಾಯಿಸಿ, ಆಮೇಲೆ ತೆಗೆದುಕೊಂಡ. ಬೆರಳಿಗೆ ಅಂಟಿದ ಪುಡಿ ನೋಡಿಕೊಂಡ.

"ಕಡೀಕ ಭಂಡಾರ ಮುಟ್ಟಿಸೇ ಬಿಟ್ಟಿ ನೋಡು" ಎಂದ.

ಬೆಳಿಗ್ಗೆ ಅವನು ಗೋಕುಳ ಶಿರಗಾಂವಕ್ಕೆ ಹೊರಟಾಗ ನಾನು ಅಂಗಳದಲ್ಲಿ ನಿಂತಿದ್ದೆ. ಟಾಕಿಗೆ ಬೀಗವಿರಲಿಲ್ಲ. ಸ್ಟೇರಿಂಗಿನ ಮೇಲೆ ಅವನ ಬೆರಳಿನ ಹಳದಿ ಇನ್ನೂ ಹಾಗೇ ಇತ್ತು, ಒರೆಸಿರಲಿಲ್ಲ.