ಸದ್ದಿಲ್ಲದೆ ಇಳಿದ ಗಾಡಿ

ನನ್ನ ಕಿವಿಯ ಬಗ್ಗೆ ನನಗೆ ವಿಪರೀತ ಜಂಬವಿತ್ತು. ಮೂಡಿಗೆರೆ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗೆ ನನ್ನ ಗ್ಯಾರೇಜು. ರಸ್ತೆಗೆ ಬೆನ್ನು ಹಾಕಿ ಕೂತು ಕೆಲಸ ಮಾಡುತ್ತಲೇ, ಹಿಂದೆ ಹೋದ ಬೈಕು ಯಾರದು, ಅದರ ಚೈನು ಎಷ್ಟು ಸಡಿಲಾಗಿದೆ, ಪ್ಲಗ್ಗು ಕ್ಲೀನ್ ಮಾಡಿಸಿ ಎಷ್ಟು ದಿನವಾಯಿತು ಎಂದೆಲ್ಲ ಹೇಳುತ್ತಿದ್ದೆ. ಪಕ್ಕದ ಹೋಟೆಲಿನಲ್ಲಿ ಕೂತವರು ಇದರ ಮೇಲೆ ಕಾಫಿ ಪಂದ್ಯ ಕಟ್ಟುತ್ತಿದ್ದರು. ನಾನು ಸೋತದ್ದು ನೆನಪಿಲ್ಲ. ಮನೆಯಲ್ಲಿ ಹೆಂಡತಿ ಮಾತ್ರ, "ಗಾಡಿ ಕೆಮ್ಮಿದ್ರೆ ಇವ್ರಿಗೆ ಕೇಳುತ್ತೆ, ಮಕ್ಕಳು ಕೆಮ್ಮಿದ್ರೆ ಕೇಳಲ್ಲ" ಎಂದು ಚುಚ್ಚುತ್ತಿದ್ದಳು.

ಎಂಬತ್ತರ ದಶಕದ ನಡುವೆ ನಮ್ಮ ಕಡೆಗೆ ಎರಡು ಸಿಲಿಂಡರಿನ ಆ ಬೈಕು ಬಂತು. ಅದರ ಹೆಸರು ಬರೆಯುವುದಿಲ್ಲ, ಯಾಕೆಂದರೆ ಗಾಡಿಯ ತಪ್ಪು ಏನೂ ಇರಲಿಲ್ಲ. ಅದುವರೆಗೆ ನಾವು ನೋಡಿದ್ದ ಬೈಕುಗಳೆಲ್ಲ ಏದುಸಿರು ಬಿಟ್ಟುಕೊಂಡು ಗುಡ್ಡ ಹತ್ತುವಂಥವು. ಇದು ಹಾಗಲ್ಲ. ಎರಡನೇ ಗೇರಿನಲ್ಲಿ ಸ್ವಲ್ಪ ಹೆಚ್ಚು ಕೈ ತಿರುವಿದರೆ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತಿತ್ತು. ಒಬ್ಬ ಪ್ಲಾಂಟರ ಮಗ ತಂದ, ಒಂದು ವರ್ಷ ಮೆರೆದ, ಪೆಟ್ರೋಲ್ ನೀರಿನ ಹಾಗೆ ಕುಡಿಯುತ್ತದೆಂದು ಬೇಸರ ಹತ್ತಿ ನನ್ನ ಗ್ಯಾರೇಜಿನಲ್ಲಿ ನಿಲ್ಲಿಸಿದ. "ಯಾರಾದ್ರೂ ಸಿಕ್ಕಿದ್ರೆ ಕೊಟ್ಬಿಡಿ ಸಾಬ್ರೆ" ಎಂದು ಹೇಳಿ ಹೋದ.

ನಾನು ಅದನ್ನು ದಿನಾ ಬೆಳಿಗ್ಗೆ ಒರೆಸಿ ಸ್ಟಾರ್ಟ್ ಮಾಡುತ್ತಿದ್ದೆ. ಅಂಥ ಇಂಜಿನು ನನ್ನ ಕೈಗೆ ಅದರ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಅದು ಮಂಗಳೂರಿಗೋ ಹಾಸನಕ್ಕೋ ಮಾರಿಹೋದರೆ ಎಂದು ನೆನೆದರೇ ಸಂಕಟವಾಗುತ್ತಿತ್ತು. ಹತ್ತಿರದವರೇ ಯಾರಾದರೂ ತಗೊಂಡರೆ ಸರ್ವಿಸಿಗೆ ನನ್ನ ಹತ್ತಿರವೇ ಬರುತ್ತದಲ್ಲ ಎಂಬ ಆಸೆ. ಈ ಆಸೆಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅದನ್ನು ಕೇಳಿಕೊಂಡು ಬಂದವನು ಕೊಟ್ಟಿಗೆಹಾರದಾಚೆಯ ಒಂದು ಎಸ್ಟೇಟಿನ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವನು. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಹಣೆಯಲ್ಲಿ ವಿಭೂತಿ, ಮಾತು ಕಡಿಮೆ. ಎದುರಿಗೆ ಅವನನ್ನು ಬಹುವಚನದಲ್ಲೇ ಕರೆಯುತ್ತಿದ್ದೆ. ಈಗ ನೆನೆಯುವಾಗ ಅವನು ಎಂದೇ ಬಾಯಿಗೆ ಬರುತ್ತದೆ. ಸೈಕಲ್ ಬಿಟ್ಟರೆ ಬೇರೇನೂ ಓಡಿಸಿದವನಲ್ಲ. ಜೊತೆಗೆ ಅವನ ಅಕ್ಕ ಬಂದಿದ್ದರು, ಸಂಸೆಯ ಶಾಲೆಯಲ್ಲಿ ಟೀಚರು. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದವರು ಅವರೇ. ಶನಿವಾರ ಎಸ್ಟೇಟಿನ ಕೆಲಸ ಮುಗಿಸಿ ಸಂಸೆಗೆ ಹೋಗಬೇಕೆಂದರೆ ಕಳಸದಲ್ಲಿ ಬಸ್ಸು ತಪ್ಪಿ ಕಾಯುವುದೇ ಆಗುತ್ತಿತ್ತು, ಅದಕ್ಕೇ ಬೈಕು.

ಅಕ್ಕ ಗಾಡಿಯ ಸುತ್ತ ಒಂದು ಸುತ್ತು ಬಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಸಾಬ್ರೆ, ನಂಗೆ ಗಾಡಿ ವಿಷ್ಯ ಗೊತ್ತಾಗಲ್ಲ. ಇದು ಭಾಳ ಜೋರಿಂದು ಅಂತಾರೆ. ಇವ್ನು ಈಗಿನ್ನೂ ಕಲಿಯೋನು. ಇವ್ನಿಗೆ ಇದು ಸರಿ ಹೋಗುತ್ತಾ? ನಿಮ್ಮ ತಮ್ಮ ಆಗಿದ್ರೆ ಏನು ಹೇಳ್ತಿದ್ರೋ ಅದನ್ನೇ ಹೇಳಿ."

ಇಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ನನ್ನ ತಮ್ಮನಾಗಿದ್ದರೆ, ಮೊದಲು ಒಂದು ಸಣ್ಣ ಗಾಡಿಯಲ್ಲಿ ಎರಡು ವರ್ಷ ತಿರುಗಾಡು, ಆಮೇಲೆ ನೋಡೋಣ ಎನ್ನುತ್ತಿದ್ದೆ. ಅದು ನಾಲಿಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ಅವನು ಟ್ಯಾಂಕಿನ ಮೇಲೆ ಕೈ ಇಟ್ಟು ನಿಂತದ್ದನ್ನು ನೋಡಿದೆ. ಕೈ ಮೆತ್ತಗಿತ್ತು. ಇಂಥವನ ಕೈಯಲ್ಲಿ ಗಾಡಿ ಚೆನ್ನಾಗಿರುತ್ತದೆ, ತಿಂಗಳಿಗೊಮ್ಮೆ ನನ್ನ ಹತ್ತಿರ ಬರುತ್ತದೆ ಎನಿಸಿತು.

"ಗಾಡಿ ಜೋರಲ್ಲ ಟೀಚರೇ, ಕೈ ಜೋರು" ಎಂದೆ. "ಕೈ ಮೆತ್ತಗಿದ್ರೆ ಗಾಡಿನೂ ಮೆತ್ತಗೆ. ಹೆದರ್ಬೇಡಿ, ನಾನೇ ಕಲಿಸಿಕೊಡ್ತೀನಿ."

ನನ್ನ ಮಾತು ನನಗೇ ಹಿಡಿಸಿತು. ಹೋಟೆಲಿನಲ್ಲೂ ಆ ಸಂಜೆ ಅದನ್ನು ಎರಡು ಸಲ ಹೇಳಿದೆ.

ಸಂತೆ ಮೈದಾನದಲ್ಲಿ ನಾಲ್ಕು ಭಾನುವಾರ ಕಲಿಸಿದೆ. ಕ್ಲಚ್ಚನ್ನು ಅಷ್ಟು ಜೋಪಾನವಾಗಿ ಬಿಡುವ ಇನ್ನೊಬ್ಬ ಹೊಸಬನನ್ನು ನಾನು ನೋಡಿಲ್ಲ. ನಲವತ್ತು ದಾಟುವುದಿಲ್ಲ ಎಂದು ಅವನು ಅಕ್ಕನಿಗೆ ಮಾತು ಕೊಟ್ಟಿದ್ದ. ಮೈದಾನದಲ್ಲಿ ನಾನೇ, "ಒಂದ್ಸಲ ಐವತ್ತು ಮಾಡಿ ನೋಡಿ ಮಾರಾಯ್ರೆ, ಇಂಜಿನ್ ಗಂಟ್ಲು ಬಿಚ್ಲಿ" ಎಂದರೂ ನಕ್ಕು ತಲೆಯಾಡಿಸಿದ. ಅಂಥ ಗಾಡಿಯ ಮೇಲೆ ಕೂತು ನಲವತ್ತರಲ್ಲಿ ಹೋಗುವವನನ್ನು ಊರವರು ಆಡಿಕೊಂಡರು. ಅವನಿಗೆ ಅದರಿಂದ ಏನೂ ಆಗಲಿಲ್ಲ.

ಎರಡನೇ ತಿಂಗಳು ಸರ್ವಿಸಿಗೆ ಬಂದಾಗ ಪೆಟ್ರೋಲಿನ ದೂರು ಹೇಳಿದ. ಅದಕ್ಕೆ ನಾನು ಕೊಟ್ಟ ಉಪಾಯ ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದದ್ದೇ. ಗುಡ್ಡದ ನೆತ್ತಿಯಲ್ಲಿ ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡುವುದು, ಬುಡ ಮುಟ್ಟಿದ ಮೇಲೆ ಸ್ಟಾರ್ಟ್ ಮಾಡುವುದು.

"ಕೆಳಗೆ ಇಳಿಯೋಕೆ ಯಾಕ್ರೀ ಪೆಟ್ರೋಲು? ಕೀ ಆಫ್ ಮಾಡಿ, ಅದರ ಪಾಡಿಗೆ ಇಳಿಯುತ್ತೆ. ಬ್ರೇಕಿನ ಮೇಲೆ ಕಾಲಿರ್ಲಿ, ಅಷ್ಟೆ."

"ಸ್ಪೀಡ್ ಆಗಲ್ವಾ?"

"ನಿಮ್ಮ ಕಾಲು ಬ್ರೇಕಿನ ಮೇಲಿರುವಾಗ ಎಲ್ಲಿಂದ ಆಗುತ್ತೆ?"

ಬೇರೆಯವರ ಗಾಡಿಗಳು ಆಫ್ ಮಾಡಿ ಇಳಿದರೂ ಮಡ್‌ಗಾರ್ಡು ಗಡಗಡ ಎನ್ನುತ್ತಿತ್ತು, ಚೈನು ಕಿರುಗುಡುತ್ತಿತ್ತು. ಈ ಗಾಡಿಯಲ್ಲಿ ಒಂದು ಸ್ಕ್ರೂ ಅಲುಗದ ಹಾಗೆ, ಚೈನಿಗೆ ಎಣ್ಣೆ ಒಣಗದ ಹಾಗೆ ನಾನು ನೋಡಿಕೊಂಡಿದ್ದೆ. ಆಫ್ ಮಾಡಿದರೆ ಅದು ಬೆಕ್ಕಿನ ಹಾಗೆ ಹೋಗುತ್ತಿತ್ತು. ಆಗ ನನಗೆ ಅದೂ ಒಂದು ಹೆಮ್ಮೆಯ ವಿಷಯವೇ.

ಮಳೆಗಾಲ ಮುಗಿಯುತ್ತ ಬಂದ ಒಂದು ಶನಿವಾರ. ಮಳೆ ಇರಲಿಲ್ಲ, ಕೊಟ್ಟಿಗೆಹಾರದ ಆಚೆ ಮಂಜು ಮಾತ್ರ ಇತ್ತು. ಅಂಥ ಮಂಜಿನಲ್ಲಿ ಎಸ್ಟೇಟಿನ ಜೀಪಿನವರು ಗೇಟಿನ ಬಾಯಲ್ಲಿ ನಿಲ್ಲಿಸುತ್ತಾರೆ, ಇಂಜಿನ್ ಆಫ್ ಮಾಡುತ್ತಾರೆ, ತಲೆ ಹೊರಗೆ ಹಾಕಿ ಕೇಳುತ್ತಾರೆ. ಕಣ್ಣಿಗೆ ಏನೂ ಕಾಣದ ಕಡೆ ಕಿವಿಯೇ ಗತಿ. ಯಾವುದೂ ಬರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಸ್ಟಾರ್ಟ್ ಮಾಡಿ ರಸ್ತೆಗೆ ಇಳಿಯುತ್ತಾರೆ. ಆ ದಿನವೂ ಇಳಿಜಾರಿನ ನಡುವೆ ಇದ್ದ ಒಂದು ಗೇಟಿನಿಂದ ಜೀಪು ಹಾಗೆಯೇ ಹೊರಟಿತು. ಅದು ರಸ್ತೆಯ ಅಡ್ಡಕ್ಕೆ ಬಂದಾಗ ಮೇಲಿನಿಂದ ಬೈಕು ಬಂದು ಬಡಿಯಿತು. ರೈಟರ್ ಅಲ್ಲೇ ಹೋದ.

ಜೀಪಿನ ಡ್ರೈವರು ಎಲ್ಲರೆದುರು ಅಳುತ್ತ ಒಂದೇ ಮಾತು ಹೇಳಿದ. "ಕಿವಿಗೊಟ್ಟು ಕೇಳಿದ್ದೆ ಕಣ್ರೀ. ಒಂದು ಚೂರು ಸದ್ದೂ ಇರ್ಲಿಲ್ಲ. ಆಕಾಶದಿಂದ ಬಿದ್ದಂಗೆ ಬಂದ."

ಊರು ಇದಕ್ಕೆ ತನಗೆ ಬೇಕಾದ ಅರ್ಥ ಕಟ್ಟಿತು. ಎಂಥ ಸ್ಪೀಡಿರಬೇಕು ನೋಡಿ, ಸದ್ದಿಗಿಂತ ಮೊದಲು ಗಾಡಿ ಬಂದಿದೆ ಎಂದರು. ಅಂಥ ಗಾಡಿ ಹೊಸಬರ ಕೈಗೆ ಕೊಡಬಾರದಿತ್ತು ಎಂದರು. ಹಾಜರಿ ಬರೆಯುವವನಿಗೆ ಈ ಶೋಕಿ ಯಾಕೆ ಬೇಕಿತ್ತು ಎಂದವರೂ ಇದ್ದರು. ನಲವತ್ತರಲ್ಲಿ ಹೋಗುತ್ತಾನೆಂದು ಆಡಿಕೊಂಡಿದ್ದವರೇ ಅವನನ್ನು ಸ್ಪೀಡಿನ ಹುಚ್ಚ ಮಾಡಿದರು.

ಪೊಲೀಸರು ನೋಡಿ ಬಿಟ್ಟ ಮೇಲೆ ಗಾಡಿಯನ್ನು ನನ್ನ ಗ್ಯಾರೇಜಿಗೆ ತಂದು ಇಳಿಸಿದರು. ಎಲ್ಲರೂ ಹೋಗುವವರೆಗೂ ನಾನು ಹತ್ತಿರ ಹೋಗಲಿಲ್ಲ. ಹೋದಾಗ ಮೊದಲು ನೋಡಿದ್ದು ಕೀ. ಏಟಿಗೆ ಬಗ್ಗಿ ಸಿಕ್ಕಿಹಾಕಿಕೊಂಡಿತ್ತು, ಆಫ್ ಕಡೆಗೆ ತಿರುಗಿದ ಹಾಗೆಯೇ. ಹಿಂದಿನ ಚಕ್ರ ಎತ್ತಿ ತಿರುಗಿಸಿದೆ. ಸಲೀಸಾಗಿ ತಿರುಗಿತು. ನ್ಯೂಟ್ರಲ್.

ಅವನು ಸ್ಪೀಡಿನಲ್ಲಿ ಬಂದಿರಲಿಲ್ಲ. ನಾನು ಹೇಳಿದ ಹಾಗೆ ಬಂದಿದ್ದ. ಕೀ ಆಫ್ ಇದ್ದರೆ ಲೈಟೂ ಇಲ್ಲ, ಹಾರ್ನೂ ಇಲ್ಲ; ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಮಂಜಿನಲ್ಲಿ ಜೀಪು ಕಂಡಾಗ ಅವನ ಹೆಬ್ಬೆರಳು ಹಾರ್ನ್ ಒತ್ತಿಯೇ ಒತ್ತಿರುತ್ತದೆ. ಅದು ಕೂಗಿರುವುದಿಲ್ಲ. ಆ ಹೆಬ್ಬೆರಳು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಊಟಕ್ಕೆ ಕೂತಾಗ, ನಮಾಜಿಗೆ ನಿಂತಾಗ, ಒತ್ತುತ್ತಲೇ ಇರುತ್ತದೆ.

ಹದಿನೈದು ದಿನದ ಮೇಲೆ ಅವನ ಅಕ್ಕ ಬಂದರು. ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

"ಸಾಬ್ರೆ, ಒಂದೇ ಮಾತು ಕೇಳಿ ಹೋಗ್ತೀನಿ. ಜೋರಾಗಿ ಬಿಡ್ತಿದ್ನಾ ಅವ್ನು? ನನ್ನ ಹತ್ರ ಸುಳ್ಳು ಹೇಳಿದ್ನಾ?"

ಹೇಳಬೇಕಾದ್ದು ಸುಲಭವಿತ್ತು. ಇಲ್ಲ ಟೀಚರೇ, ಅವರು ಮಾತಿಗೆ ತಪ್ಪಲಿಲ್ಲ, ನಾನು ಹೇಳಿಕೊಟ್ಟದ್ದರಿಂದ ಹೋದರು. ಹೋಟೆಲಿನವರು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಗ್ಯಾರೇಜಿನ ಹೆಸರು, ನನ್ನ ಹೆಸರು, ನನ್ನ ಕಿವಿಯ ಕೀರ್ತಿ ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

"ಗಾಡಿ ಅಂಥದ್ದು ಟೀಚರೇ" ಎಂದೆ. "ಒಂದೊಂದ್ಸಲ ಕೈ ಮೀರಿ ಹೋಗುತ್ತೆ. ವಯಸ್ಸಿನ ಹುಡುಗ್ರು ನೋಡಿ."

ಅವರು ತಲೆಯಾಡಿಸಿದರು. ಕೊಡೆ ಬಿಡಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಹೇಡಿ ಎಂಬ ಮಾತು ಇರುವುದು ನನ್ನಂಥವನಿಗೇ ಎಂದು ಆಗಲೇ ಗೊತ್ತಾಯಿತು, ಆದರೂ ಹಿಂದೆ ಓಡಿ ಹೋಗಲಿಲ್ಲ.

ಗಾಡಿಯನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿ ಇಟ್ಟೆ. ಸೆಂಟರ್ ಸ್ಟ್ಯಾಂಡಿನ ಮೇಲೆ ಹಿಂದಿನ ಚಕ್ರ ನೆಲ ಬಿಟ್ಟು ನಿಂತಿತ್ತು. ಶೆಡ್ಡಿನಲ್ಲಿ ಗಾಳಿ ಆಡಿದಾಗ ಆ ಚಕ್ರ ಒಂದಿಷ್ಟು ತಿರುಗಿ ನಿಲ್ಲುತ್ತಿತ್ತು ಎಂದು ನನಗೆ ಅನಿಸುತ್ತಿತ್ತು. ಒಂದು ಸಲ ಟಾರ್ಪಾಲು ಎತ್ತಿ ಆ ಚಕ್ರದ ಗಾಳಿ ತುಂಬುವ ವಾಲ್ವಿನ ಪಕ್ಕ, ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ. ಮಾರನೇ ದಿನ ನೋಡಿದರೆ ಗುರುತು ಬೇರೆ ಕಡೆಗೆ ತಿರುಗಿತ್ತು. ಗಾಳಿಯೇ ಇರಬೇಕು. ಮತ್ತೆ ಆ ಟಾರ್ಪಾಲನ್ನು ನಾನು ಎತ್ತಲಿಲ್ಲ.

ಕಿವಿಯ ಪಂದ್ಯವೂ ನಿಂತಿತು. ರಸ್ತೆಗೆ ಬೆನ್ನು ಹಾಕಿ ಕೂರಲು ಆಗುತ್ತಿರಲಿಲ್ಲ. ಸದ್ದು ಮಾಡಿಕೊಂಡು ಬರುವ ಗಾಡಿಗಳಿಂದ ತೊಂದರೆಯಿಲ್ಲ. ರಸ್ತೆ ಖಾಲಿಯಾಗಿ ಎಲ್ಲ ಸುಮ್ಮನಾದಾಗ ಬೆನ್ನ ಹಿಂದೆ ಒಂದು ಗಾಡಿ ಬಂದು ನಿಂತ ಹಾಗಾಗಿ ತಟ್ಟನೆ ತಿರುಗಿ ನೋಡುತ್ತಿದ್ದೆ. ಹೋಟೆಲಿನವರು ಸಾಬ್ರಿಗೆ ಕತ್ತು ಹಿಡಿದಿದೆ ಎಂದು ನಗುತ್ತಿದ್ದರು.

ಹೀಗೆ ಮೂರು ವರ್ಷ ಹೋಯಿತು. ಒಂದು ಮಧ್ಯಾಹ್ನ ಕಾಲೇಜು ಮುಗಿಸಿದ ಒಬ್ಬ ಹುಡುಗ ತಂದೆಯ ಜೊತೆ ಬಂದ. ಅಂಥದ್ದೇ ಎರಡು ಸಿಲಿಂಡರಿನ ಗಾಡಿ ಮಾರಾಟಕ್ಕಿದೆಯಂತೆ. "ಹೊಸಬನಿಗೆ ಆಗುತ್ತಾ ಸಾಬ್ರೆ?" ಎಂದು ತಂದೆ ಕೇಳಿದರು.

ನನ್ನ ಬಾಯಿ ತಾನಾಗಿಯೇ ತೆರೆಯಿತು. "ಗಾಡಿ ಜೋರಲ್ಲ" ಎಂದು ಶುರುಮಾಡಿಯೂ ಬಿಟ್ಟೆ. ಅಲ್ಲಿಗೇ ನಿಲ್ಲಿಸಿ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟೆ. "ಆಗಲ್ಲ" ಎಂದೆ. "ಬೇಡ. ಸಣ್ಣದು ಕೊಡಿಸಿ." ಅವರು ನನ್ನ ಮುಖ ನೋಡಿ ಇನ್ನೇನೂ ಕೇಳದೆ ಹೋದರು.

ಮಾರನೇ ದಿನ ಗ್ಯಾರೇಜು ಬಂದ್ ಮಾಡಿ ಬೆಳಗಿನ ಬಸ್ಸು ಹತ್ತಿದೆ. ಜೀಪು ಹೊರಟಿದ್ದ ಆ ಗೇಟಿನ ಹತ್ತಿರ ಬಸ್ಸು ಗುಡ್ಡ ಇಳಿಯುವಾಗ ಕಣ್ಣು ಮುಚ್ಚಿಕೊಂಡಿದ್ದೆ.

ಸಂಸೆಯಲ್ಲಿ ಟೀಚರಮ್ಮನ ಮನೆ ಒಂದು ಇಳಿಜಾರಿನ ತಗ್ಗಿನಲ್ಲಿ. ರಸ್ತೆಯಿಂದ ಮಣ್ಣಿನ ದಾರಿ ನೇರ ಗೇಟಿಗೆ ಇಳಿಯುತ್ತದೆ. ಅಂದು ಶಾಲೆಗೆ ರಜೆ, ಅವರು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ನನ್ನ ಗುರುತು ಹಿಡಿದು ಒಳಗೆ ಹೋಗಿ ಕಾಫಿ ತಂದರು. ಲೋಟ ಮುಟ್ಟುವ ಮೊದಲೇ ಎಲ್ಲ ಹೇಳಿಬಿಟ್ಟೆ. ಕೀ, ನ್ಯೂಟ್ರಲ್, ಹಾರ್ನು, ನಾನು ಕೊಟ್ಟ ಉಪಾಯ, ಆ ದಿನ ಹೇಳಿದ ಸುಳ್ಳು, ಗಾಡಿ ನನ್ನ ಕೈ ತಪ್ಪಿ ಹೋಗಬಾರದೆಂಬ ಆಸೆಯಿಂದ ಮೊದಲ ದಿನ ನುಂಗಿಕೊಂಡ ಸತ್ಯ. ಮುಖ ಎತ್ತಲಿಲ್ಲ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

ಅವರು ದಾರಿಯ ಕಡೆ ಕೈ ತೋರಿಸಿದರು.

"ಇಲ್ಲಿಗೂ ಹಂಗೇ ಬರ್ತಿದ್ದ. ಮೇಲೆ ರಸ್ತೇಲೇ ಆಫ್ ಮಾಡಿ. ಗೇಟಿನ ಚಿಲಕದ ಸದ್ದು ಆದ್ಮೇಲೇ ನಂಗೆ ಗೊತ್ತಾಗೋದು. ಯಾಕೋ ಹಿಂಗೆ ಕಳ್ಳನಂಗೆ ಬರ್ತೀಯ ಅಂದ್ರೆ, ಸಾಬ್ರು ಹೇಳಿಕೊಟ್ರು ಅಕ್ಕ, ಪೆಟ್ರೋಲ್ ಉಳಿಯುತ್ತೆ ಅಂತ ನಗೋನು."

ಮೊರದಲ್ಲಿದ್ದ ಅಕ್ಕಿಯನ್ನು ಸುಮ್ಮನೆ ಆ ಕಡೆ ಈ ಕಡೆ ಸರಿಸಿದರು.

"ಮೂರು ವರ್ಷದಿಂದ ಅವ್ನ ಹತ್ರ ಮಾತು ಬಿಟ್ಟಿದ್ದೆ ಸಾಬ್ರೆ. ನಂಗೆ ಸುಳ್ಳು ಹೇಳಿ ಹೋದ ಅಂತ. ಸಂಜೆ ಹೊತ್ತು ಎಲ್ಲ ನಿಶ್ಶಬ್ದ ಆದ್ರೆ ಬಂದ ಅಂತ್ಲೇ ಅನ್ಸೋದು. ಆದ್ರೂ ತಿರುಗಿ ನೋಡ್ತಿರ್ಲಿಲ್ಲ. ಬಾಗಿಲು ಹಾಕ್ಕೊಂಡು ಒಳಗೆ ಕೂರ್ತಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಮೊರ ಕೆಳಗಿಟ್ಟು ಎದ್ದರು. ಅಂಗಳ ದಾಟಿ ಹೋಗಿ ಗೇಟಿನ ಚಿಲಕ ತೆಗೆದು, ಎರಡೂ ಕಡೆ ಪೂರ್ತಿ ತೆರೆದು, ಒಂದೊಂದು ಕಲ್ಲು ಕೊಟ್ಟು ನಿಲ್ಲಿಸಿದರು. ವಾಪಸು ಬಂದು ಮನೆಯ ಬಾಗಿಲಿನಲ್ಲಿ ದಾರಿಗೆ ಮುಖ ಮಾಡಿ ನಿಂತರು.

"ಬಾರೋ" ಎಂದರು. "ಒಳಗೆ ಬಾ."

ನಾನೂ ದಾರಿಯ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಒಂದಿಷ್ಟಾದರೂ ಸದ್ದಾಗಲಿ ಎಂದು ನಾನು ಕಿವಿಗೊಟ್ಟು ಕೂತೆ, ಎಷ್ಟು ಹೊತ್ತಾದರೂ ಏನೂ ಕೇಳಿಸಲಿಲ್ಲ. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದು, ಒಬ್ಬರು ಒಳಗೆ ಹೋಗುವಷ್ಟು ಜಾಗ ಬಿಟ್ಟರು.