ಬತ್ತಿ ಮಿಸ್ತ್ರಿ ಮತ್ತು ನನ್ನ ಮೊದಲ ಫಟಫಟಿ

ಅವರ ಧೋತರ ದೂರದಿಂದ ನೋಡಿದರೆ ಬೆಳ್ಳಗೆ, ಹತ್ತಿರ ಹೋದರೆ ಜರಡಿ. ಮೊಣಕಾಲಿನಿಂದ ಕೆಳಗೆ ಸಾಸಿವೆ ಕಾಳಿನಷ್ಟು, ಕಡಲೆ ಕಾಳಿನಷ್ಟು ತೂತುಗಳು, ಅವುಗಳ ಅಂಚೆಲ್ಲ ಕಂದುಬಣ್ಣ. ಬ್ಯಾಟರಿಯ ತೇಜಾಬು, ಅಂದರೆ ಆ್ಯಸಿಡ್ಡು, ಸಿಡಿದ ಕಡೆ ಬಟ್ಟೆಗೆ ಆ ಹೊತ್ತಿನಲ್ಲಿ ಏನೂ ಆಗುತ್ತಿರಲಿಲ್ಲ. ಒಗೆಯಲು ಹಾಕಿದ ದಿನ ಅಷ್ಟಷ್ಟೇ ಉದುರಿ ಹೋಗುತ್ತಿತ್ತು. ಎದೆಯ ಮೇಲೆ ತೂಗುವ ಲಿಂಗದ ಕರಡಿಗೆ ಬೆಳ್ಳಿಯದು. ಹೆಂಡತಿ ಸೋಮವಾರ ಹುಣಸೆಹಣ್ಣು ಹಚ್ಚಿ ಬೆಳಗಿಕೊಟ್ಟರೆ ಗುರುವಾರದ ಹೊತ್ತಿಗೆ ಅದೂ ಕಪ್ಪು. "ನಮ್ಮ ಶಿವಗೂ ನನ್ನ ಸಂಗಾಟ ನೌಕರಿ ಹತ್ತ್ಯದ" ಎಂದು ಅವರು ನಗುತ್ತಿದ್ದರು.

ಜಹೀರಾಬಾದಿನವರೆಲ್ಲ ಅವರನ್ನು ಬತ್ತಿ ಮಿಸ್ತ್ರಿ ಎನ್ನುತ್ತಿದ್ದರು. ರೈಲು ಡಬ್ಬಿಗಳ ಹೊಟ್ಟೆಯಡಿ ಬ್ಯಾಟರಿಗಳಿರುತ್ತವಲ್ಲ, ಒಳಗಿನ ದೀಪ ಉರಿಸುವುದಕ್ಕೆ, ಅವುಗಳ ಚಾಕರಿಯಲ್ಲಿ ಅವರ ಅರ್ಧ ಆಯುಷ್ಯ ಕಳೆದಿತ್ತು. ನೌಕರಿ ಮುಗಿದ ಮೇಲೆ ಸ್ಟೇಷನ್ನಿನ ಹಿಂದೆ, ಎಣ್ಣೆ ಗಿರಣಿಯ ಗೋಡೆಗೆ ಹೊಂದಿಸಿ ಒಂದು ತಗಡಿನ ಶೆಡ್ಡು ಹಾಕಿಕೊಂಡರು. ಗಿರಣಿಯ ಎಂಜಿನ್ನಿನಿಂದ ಒಂದು ಪಟ್ಟಾ ಹೊರಗೆ ಬಂದು ಇವರ ಡೈನಮೋ ತಿರುಗಿಸುತ್ತಿತ್ತು. ಊರಿನ ನಾಲ್ಕಾರು ಮೋಟಾರುಗಳ ಬ್ಯಾಟರಿ, ಗಿರಣಿ ಸಾಹುಕಾರರ ರೇಡಿಯೋದ ಬ್ಯಾಟರಿ, ಎಲ್ಲವೂ ಅಲ್ಲಿ ಸಾಲಾಗಿ ಕುಳಿತು ಗುಳುಗುಳು ಎನ್ನುತ್ತ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದವು.

ನಾನು ಆಗ ನಾರಾಯಣಖೇಡದಲ್ಲಿ ಸಲೋತ್ರಿ. ದನದ ಡಾಕ್ಟರನ್ನು ನಿಜಾಮರ ಸರ್ಕಾರದಲ್ಲಿ ಹಾಗೆ ಕರೆಯುತ್ತಿದ್ದರು. ಯುದ್ಧ ಶುರುವಾದ ಹೊಸದು. ಊರಿಂದೂರಿಗೆ ಕುದುರೆಯ ಮೇಲೆ ತಿರುಗಿ ಸೊಂಟ ಬಿದ್ದುಹೋಗಿತ್ತು. ವರ್ಗವಾಗಿ ಹೊರಟಿದ್ದ ಒಬ್ಬ ಎಂಜಿನಿಯರರಿಂದ ಹಳೆಯ ಫಟಫಟಿ, ಅಂದರೆ ಮೋಟಾರು ಸೈಕಲ್ಲೊಂದನ್ನು ಕೊಂಡೆ. ಕೊಂಡ ಖುಷಿಗೆ ಮೊದಲು ಮಾಡಿದ ಕೆಲಸವೆಂದರೆ ಅದಕ್ಕೆ ನೀಲಿ ಬಣ್ಣ ಬಳಿದದ್ದು, ನಾನೇ ಕೈಯಾರೆ. ನಾನು ಆಗ ಅಂಥ ಮನುಷ್ಯ. ರೋಗ ನೋಡುವ ಮೊದಲು ಎತ್ತಿಗೆ ಝೂಲು ಹೊದಿಸುವವನು.

ಬಣ್ಣ ಒಣಗಿದ ಮಾರನೆಯ ದಿನದಿಂದ ಗಾಡಿ ಹಟ ಹಿಡಿಯಿತು. ಒಮ್ಮೆ ಹತ್ತುತ್ತಿತ್ತು, ನಾಲ್ಕು ಸಲ ಇಲ್ಲ. ನಾನು ಪ್ಲಗ್ಗು ಬದಲಿಸಿದೆ, ತಂತಿಗಳಿಗೆ ಬಟ್ಟೆ ಸುತ್ತಿದೆ, ದೀಪದ ಬುರುಡೆ ಬಿಚ್ಚಿ ಹಾಕಿದೆ, ಗೊತ್ತಿದ್ದ ದೇವರಿಗೆಲ್ಲ ಕಾಯಿ ಬೇಡಿಕೊಂಡೆ. ಕೊನೆಗೆ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಜಹೀರಾಬಾದಿಗೆ ಬಂದೆ.

ಮಿಸ್ತ್ರಿ ಗಾಡಿಯನ್ನು ಮುಟ್ಟಲೇ ಇಲ್ಲ. "ಕೂಡ್ರಿ" ಎಂದು ಪೀಪಾಯಿ ತೋರಿಸಿದರು. ಬೆಲ್ಲ, ನೀರು ಬಂತು. ನೀರು ಕುಡಿದಾದ ಮೇಲೆ ಕೇಳಿದರು.

"ಮೊದಲು ಚಲೋ ಇತ್ತೇನ್ರಿ?"

"ಇತ್ತು ಕಾಕಾ."

"ಈಗ ಕೆಟ್ಟದ. ಹಂಗಂದ್ರ ನಡುವ ಯಾರ ಕೈ ಹಾಕ್ಯಾರ, ಹೇಳ್ರಿ."

ಆ ಮಾತನ್ನು ನಾನು ಮುಂದೆ ನೂರು ಸಲ ಕೇಳಿದ್ದೇನೆ. ಗಾಡಿ ಕೆಟ್ಟರೂ ಅದೇ, ಗಂಡ ಹೆಂಡಿರ ಜಗಳವಾದರೂ ಅದೇ: ನಡುವ ಯಾರ ಕೈ ಹಾಕ್ಯಾರ? ಆ ದಿನ ನಾನು ನೀಲಿ ಬಣ್ಣದ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ. ಅವರು ಭೋಂಗಾ ಒತ್ತಲು ಹೇಳಿದರು. ಅದು ಶೀತವಾದ ಕೋಳಿಯಂತೆ ಒದರಿತು. ಒಂದು ತಂತಿಯ ತುದಿಯನ್ನು ಬ್ಯಾಟರಿಗೆ ಹಿಡಿದು ಇನ್ನೊಂದು ತುದಿಯನ್ನು ಗಾಡಿಯ ಬರಿಯ ಕಬ್ಬಿಣಕ್ಕೆ ಒತ್ತಿದರು. ಈಗ ಭೋಂಗಾ ಸ್ಟೇಷನ್ನಿನವರೆಗೂ ಕೇಳುವಂತೆ ಕೂಗಿತು. ಬ್ಯಾಟರಿಯ ಒಂದು ತಂತಿ ಗಾಡಿಯ ಮೈಗೆ ಬೋಲ್ಟಿನಿಂದ ಕೂಡಿರುತ್ತದೆ; ನಾನು ಆ ಬೋಲ್ಟು ಬಿಚ್ಚಿ, ಅಡಿಗೂ ಚೆನ್ನಾಗಿ ಬಣ್ಣ ಬಳಿದು, ಮತ್ತೆ ಕೂಡಿಸಿದ್ದೆ. ಬಣ್ಣ ದಾಟಿ ಕರೆಂಟು ಹೋಗುವುದೆಲ್ಲಿಂದ? ಅವರು ಚಾಕು ತೆಗೆದು ಬೋಲ್ಟಿನ ಸುತ್ತ ಕರಕರ ಕೆರೆಯತೊಡಗಿದಾಗ ನನ್ನ ಮುಖ ಸಣ್ಣದಾಯಿತು.

"ಸಲೋತ್ರಿಗಳೇ, ಎತ್ತಿನ ಕೊಂಬಿಗಿ ಬಣ್ಣ ಹಚ್ಚತಾರ. ಕಣ್ಣಿಗಿ ಹಚ್ಚತಾರೇನ್ರಿ?"

ಹೀಗೆ ಶುರುವಾಯಿತು ನಮ್ಮ ಬಳಕೆ. ಎಂಟು ದಿನಕ್ಕೊಮ್ಮೆಯಾದರೂ ಶೆಡ್ಡಿನಲ್ಲಿ ಕೂತು ಬರುತ್ತಿದ್ದೆ. ನಾನು ದನದವನೆಂದು ತಿಳಿದ ಮೇಲೆ ಅವರು ನನಗೆ ಎಲ್ಲವನ್ನೂ ದನದ ಭಾಷೆಯಲ್ಲೇ ಕಲಿಸಿದರು. ಗಾಡಿಯ ದೀಪದ ಬುಡ್ಡಿಯ ಮೇಲೆ ಕರೆಂಟು ತೋರಿಸುವ ಮುಳ್ಳು ಎಡಕ್ಕೆ ವಾಲಿದರೆ ಹಾಲು ಹಿಂಡುತ್ತಿದ್ದೀರಿ, ಬಲಕ್ಕೆ ವಾಲಿದರೆ ಮೇವು ಹಾಕುತ್ತಿದ್ದೀರಿ. "ಬರೇ ಹಿಂಡ್ತೀನಿ ಅಂದ್ರ ಎಂಥಾ ಎಮ್ಮಿನೂ ಒದೀತದ." ಬ್ಯಾಟರಿಯ ಮೂರು ಮುಚ್ಚಳ ತೆಗೆದು ನೋಡುವುದು ದನದ ಬಾಯಿ ತೆರೆದು ನೋಡಿದ ಹಾಗೆ, ವಾರಕ್ಕೊಮ್ಮೆ ಆಗಲೇಬೇಕು. ನೀರು ಕಡಿಮೆಯಾಗಿದ್ದರೆ ಒಳಗಿನ ಹಲಗೆ ಮುಳುಗುವಷ್ಟು ಮಾತ್ರ ಹಾಕಬೇಕು, ಅದೂ ಮಳೆಯ ನೀರು. ಆಷಾಢದ ಮಳೆಗೆ ಅಂಗಳದ ನಡುವೆ ಗಾಜಿನ ಜಾಡಿಗೆ ಬಿಳಿ ಬಟ್ಟೆ ಕಟ್ಟಿ ಇಡುತ್ತಿದ್ದರು. ಮಾಳಿಗೆಯಿಂದ ಇಳಿದ ನೀರು ನಡೆಯದು, ನೆಟ್ಟಗೆ ಆಕಾಶದಿಂದ ಬಿದ್ದದ್ದೇ ಬೇಕು. ಸುತ್ತಲಿನ ಊರುಗಳ ಬಾವಿ ನೀರಿನ ರುಚಿ ಅವರಿಗೆ ಗೊತ್ತಿತ್ತು. ನನ್ನೂರು ತಾಂಡೂರು ಎಂದಾಗ ಕೈಮುಗಿದು, "ಕಲ್ಲಿನ ಊರ್ರೀ ನಿಮ್ದು. ಆ ನೀರಾಗ ಸುಣ್ಣ ಅದ. ಮನಶ್ಯಾಗ ಚಲೋ, ಬ್ಯಾಟರಿಗಿ ವಿಷ" ಎಂದಿದ್ದರು. ತಲೆಯಾಡಿಸಿದ್ದೆ. ತಲೆಯಾಡಿಸುವುದಕ್ಕೆ ಖರ್ಚೇನು.

ಆ ವರ್ಷ ಮಹಾನವಮಿಗೆ ಗಾಡಿಯ ಮೇಲೆಯೇ ತಾಂಡೂರಿಗೆ ಹೋದೆ. ನಮ್ಮ ಮನೆ ನೆಲದಿಂದ ಮಾಳಿಗೆಯವರೆಗೂ ಹಾಸುಗಲ್ಲಿನದು, ಬಾವಿ ಅಂಗಳದಲ್ಲೇ. ಖಂಡೆ ಪೂಜೆಯ ದಿನ ಕುಡುಗೋಲು, ಕೊಡಲಿ, ತಕ್ಕಡಿಯ ಸಾಲಿಗೆ ಫಟಫಟಿಯೂ ಬಂತು. ಅವ್ವನ ಸಂಭ್ರಮ ಹೇಳತೀರದು. ಇದಕ್ಕೂ ನೀರು ಬೇಕಾಗುತ್ತದೆ ಎಂದು ಯಾವಾಗಲೋ ಹೇಳಿದ್ದವನು ನಾನೇ. ನಾನು ಓಣಿಯಲ್ಲಿ ಹಳೆಯ ಗೆಳೆಯರ ಜೊತೆ ಮಾತಾಡುತ್ತ ನಿಂತಿದ್ದಾಗ ಅವ್ವ, ದೂರದಿಂದ ಬಂದ ಅತಿಥಿಗೆ ಮೊದಲು ನೀರು ಕೊಡಬೇಕಲ್ಲ ಎಂದು, ಮುಚ್ಚಳ ತೆಗೆದು ಬಾವಿಯ ನೀರನ್ನು ತುಳುಕುವ ಹಾಗೆ ತುಂಬಿದಳು. ಆಮೇಲೆ ವಿಭೂತಿ ಕಲಸಿ, ಬ್ಯಾಟರಿಯ ತಂತಿ ಕೂಡಿಸುವ ಎರಡು ಕೊಂಬುಗಳಿಗೂ ಸೇರುವಂತೆ ಮೂರು ಬೆರಳಿನ ಪಟ್ಟೆ ದಪ್ಪಗೆ ಎಳೆದಳು. ಮೇಲೊಂದು ಚೆಂಡು ಹೂ. ನಾನು ನೋಡಿ, ಲಕ್ಷಣವಾಗಿದೆ ಅವ್ವಾ ಎಂದೆ.

ಮಾರನೆಯ ದಿನ ಇಲಾಖೆಯ ತಾರು ಬಂತು. ನಾಗಲಗಿದ್ದದ ಕಡೆಯ ಒಂದು ಹಳ್ಳಿಯಲ್ಲಿ ಎತ್ತುಗಳಿಗೆ ದೊಡ್ಡಬ್ಯಾನಿ ಬಿದ್ದಿದೆ, ಮದ್ದಿನ ಪೆಟ್ಟಿಗೆ ನಾಳೆ ರೈಲಿಗೆ ಜಹೀರಾಬಾದಿಗೆ ಬರುತ್ತದೆ, ತಕ್ಷಣ ಒಯ್ಯುವುದು. ದೊಡ್ಡಬ್ಯಾನಿ ಬಂದ ಎತ್ತು ಕಣ್ಣೀರು ಸುರಿಸುತ್ತ, ಮೇವು ಬಿಟ್ಟು, ವಾರದಲ್ಲಿ ಹೋಗುತ್ತದೆ. ಅದರ ಪಕ್ಕದಲ್ಲಿ ಕಟ್ಟಿದ್ದವಕ್ಕೆ ಕೂಡಲೇ ಸೂಜಿ ಹಾಕಿದರೆ ಅವು ಉಳಿಯುತ್ತವೆ. ಅದೂ ಬಿಳಿಜೋಳ ಬಿತ್ತುವ ಕಾಲ. ಎತ್ತು ಹೋದರೆ ಆ ಊರಿಗೆ ಆ ವರ್ಷದ ರೊಟ್ಟಿಯೇ ಇಲ್ಲ. ಮದ್ದು ಮಂಜುಗಡ್ಡೆಯಲ್ಲಿ ಬರುತ್ತಿತ್ತು. ಮಂಜು ಕರಗಿ ಮದ್ದು ಬಿಸಿಯಾದರೆ ಚೆಲ್ಲಬೇಕಾದದ್ದೇ.

ನಸುಕಿನಲ್ಲೇ ಹೊರಟೆ. ಜಹೀರಾಬಾದು ಇನ್ನೇನು ಕಾಣಬೇಕು, ಕುರಿಯ ಹಿಂಡು ಅಡ್ಡ ಬಂತು. ಗಾಡಿ ನಿಂತಿತು. ಮತ್ತೆ ಹತ್ತಲಿಲ್ಲ. ಒದ್ದು ಒದ್ದು ಕಾಲು ಬಿದ್ದುಹೋಯಿತು. ಕುರುಬರಿಬ್ಬರು ಕಂಬಳಿ ಹೆಗಲಿಗೇರಿಸಿ ಶೆಡ್ಡಿನವರೆಗೆ ನೂಕಿಕೊಟ್ಟರು. "ಇದಕ್ಕಿಂತ ನಮ್ಮ ಟಗರು ವಾಸಿ ಸಾಬ್ರ, ಕರದ್ರ ಬರ್ತದ" ಎಂದು ದಾರಿಯುದ್ದಕ್ಕೂ ಕಿಚಾಯಿಸಿದರು. ನನಗೆ ನಗು ಬರಲಿಲ್ಲ. ಪೆಟ್ಟಿಗೆ ಆಗಲೇ ಸ್ಟೇಷನ್ನಿನಲ್ಲಿ ಇಳಿದಿತ್ತು. ತಳದಿಂದ ನೀರು ತೊಟ್ಟಿಕ್ಕುತ್ತಿತ್ತು.

ಮಿಸ್ತ್ರಿ ಮುಚ್ಚಳ ತೆಗೆದು ನೋಡಿದರು. ತುಳುಕಿದ ತೇಜಾಬು ಬೋಲ್ಟನ್ನು ತಿಂದಿತ್ತು. ಉಳಿದ ನೀರು ಕಲಗಚ್ಚು. ಕೊಂಬುಗಳ ನಡುವೆ ಒದ್ದೆ ವಿಭೂತಿ, ಕರೆಂಟೆಲ್ಲ ಅದರ ಮೇಲೆಯೇ ಸೋರಿಹೋಗಿತ್ತು.

"ನಡುವ ಯಾರ ಕೈ ಹಾಕ್ಯಾರ್ರೀ?"

"ಅವ್ವ" ಎಂದೆ.

ಅವರು "ಅವ್ವನ ಕೈ ಅಂದ್ರ ಬೈಯಾಕ ಬರಂಗಿಲ್ಲ" ಎಂದು ವಿಭೂತಿಯನ್ನು ಬಟ್ಟೆಯಲ್ಲಿ ಒರೆಸಿ, ಕಾಲಿಗೆ ಸಿಗಬಾರದೆಂದು ಆ ಬಟ್ಟೆಯನ್ನು ಬೇಲಿಯ ಪತ್ರಿಗಿಡದ ಬುಡದಲ್ಲಿ ಇಟ್ಟು ಬಂದರು. ಅಂಥ ಅವಸರದಲ್ಲೂ.

ಆಮೇಲೆ ಖರೆ ಮಾತು ಹೇಳಿದರು. ಈ ಬ್ಯಾಟರಿ ತೊಳೆದು, ಹೊಸ ತೇಜಾಬು ತುಂಬಿ, ಹೊಟ್ಟೆ ತುಂಬಿಸಲು ಎರಡು ದಿನ ಬೇಕು. ಉಳಿಯುವ ಭರವಸೆಯೂ ಇಲ್ಲ. ನಾರಾಯಣಖೇಡದ ಮೋಟಾರು ಬೆಳಿಗ್ಗೆಯೇ ಹೋಗಿತ್ತು. ಬಂಡಿಯಲ್ಲಿ ಹೋದರೆ ಮುಟ್ಟುವಷ್ಟರಲ್ಲಿ ಮಂಜು ಇರುವುದಿಲ್ಲ. ನಾನು ಪೀಪಾಯಿಯ ಮೇಲೆ ಕೂತೆ. ಆ ಹಳ್ಳಿಯವರಿಗೆ ಏನೆಂದು ಹೇಳಲಿ? ಹಬ್ಬ ಮಾಡುತ್ತಿದ್ದೆ ಎನ್ನಲೇ?

ಸಾಲಿನ ತುದಿಯಲ್ಲಿ ಸಾಹುಕಾರರ ರೇಡಿಯೋ ಬ್ಯಾಟರಿ ಇತ್ತು. ಹೊಟ್ಟೆ ತುಂಬಿ ತಯಾರಾಗಿತ್ತು. ದಿನವೂ ಸಂಜೆ ಊರಿನ ದೊಡ್ಡವರೆಲ್ಲ ಅವರ ಪಡಸಾಲೆಯಲ್ಲಿ ಯುದ್ಧದ ಸುದ್ದಿ ಕೇಳಲು ಸೇರುತ್ತಿದ್ದರು; ಆ ಪೆಟ್ಟಿಗೆ ಮಾತಾಡುವುದೇ ಸಾಹುಕಾರರ ಮಾನ. ನಾನು ಅದನ್ನೇ ನೋಡುತ್ತಿದ್ದೆ. ಕೇಳಲು ಬಾಯಿ ಬರುತ್ತಿರಲಿಲ್ಲ. ಆದರೂ ಕೇಳಿಬಿಟ್ಟೆ.

"ಒಯ್ರಿ" ಎಂದರು. ಅಷ್ಟೇ.

ಅದು ನನ್ನದಕ್ಕಿಂತ ಎರಡರಷ್ಟು ದೊಡ್ಡದು. ಗೋಣಿತಟ್ಟು ಹಾಸಿ, ಹಿಂದಿನ ಕ್ಯಾರಿಯರಿಗೆ ನಾರಿನ ಹಗ್ಗದಿಂದ ಬಿಗಿದು, ಉದ್ದ ತಂತಿ ಎಳೆದು ಕೊಟ್ಟರು. ಬೋಲ್ಟು ಹೊಸದು ಹಾಕಿದರು. ಮದ್ದಿನ ಪೆಟ್ಟಿಗೆ ನನ್ನ ಬೆನ್ನಿಗೆ. "ಭೋಂಗಾ ಒತ್ತಬ್ಯಾಡ್ರಿ, ಬತ್ತಿ ಹಚ್ಚಬ್ಯಾಡ್ರಿ. ಕುರಿ ಅಡ್ಡ ಬಂದ್ರ ಬಾಯಿಲೇ ಕೂಗ್ರಿ."

"ಸಾಹುಕಾರರಿಗೆ ಏನು ಹೇಳುತ್ತೀರಿ ಕಾಕಾ?"

"ನಾ ಹೇಳ್ಕೋತೀನಿ. ನೀವ ಹೋಗ್ರಿ, ದನದ ಬ್ಯಾನಿ ಕಾಯಂಗಿಲ್ಲ."

ಕೂಗಿಕೊಂಡೇ ಹೋದೆ. ಬಿಸಿಲು ಇಳಿಯುವ ಮೊದಲೇ ಹಳ್ಳಿ ಮುಟ್ಟಿದೆ. ಪೆಟ್ಟಿಗೆ ತೆಗೆದಾಗ ಅಂಗೈಯಷ್ಟು ಮಂಜು ಉಳಿದಿತ್ತು. ಮೂರು ಎತ್ತು ಮೊದಲೇ ಕೆಳಗೆ ಬಿದ್ದಿದ್ದವು, ಅವು ಹೋದವು. ಉಳಿದವೆಲ್ಲ ಉಳಿದವು. ಎಂಟು ದಿನ ಅಲ್ಲೇ ಇದ್ದೆ. ಹೊರಡುವ ದಿನ ಹೊಲದಲ್ಲಿ ಕೂರಿಗೆ ನಡೆಯುತ್ತಿತ್ತು. ಆ ಸಂತೋಷವನ್ನು ಇವತ್ತಿಗೂ ನೆನೆಯುತ್ತೇನೆ. ನನ್ನ ನೌಕರಿಯಲ್ಲಿ ಅಂಥ ದಿನಗಳು ಬಹಳ ಇಲ್ಲ.

ಬ್ಯಾಟರಿ ಹಿಂದಿರುಗಿಸಲು ಬಂದಾಗ ಸಾಹುಕಾರರು ಏನೆಂದರು ಎಂದು ಕೇಳಿದೆ. "ಏನಂತಾರ್ರೀ, ನಕ್ಕು ಬಿಟ್ರು" ಎಂದರು. ಒಂದು ಸೀಸೆ ಮಳೆನೀರು ಕೈಗೆ ಕೊಟ್ಟು, "ಅವ್ವಗ ಕೊಡ್ರಿ. ಮುಂದಿನ ಹಬ್ಬಕ್ಕ ಇದನ್ನ ಕುಡಸ್ಲಿ" ಎಂದರು. ಅವ್ವ ಆ ಸೀಸೆಯನ್ನು ದೇವರ ಜಗುಲಿಯ ಮೇಲಿಟ್ಟು, ಯಾರಿಗೂ ಮುಟ್ಟಗೊಡಲಿಲ್ಲ. ಫಟಫಟಿಗೂ ಕೊಡಲಿಲ್ಲ.

ಆ ಮುಂದೆ ಒಂದು ವರ್ಷ ಅವರು ಶೆಡ್ಡಿನಲ್ಲಿ ಸಿಗುವುದೇ ಕಷ್ಟವಾಯಿತು. ಡೈನಮೋ ನಿಂತಿದೆಯಲ್ಲ ಎಂದರೆ, "ಪಟ್ಟಾ ಹರದದ್ರೀ, ಹೊಸಾದು ಬರಬೇಕು" ಎನ್ನುತ್ತಿದ್ದರು. ವಾರಕ್ಕೆರಡು ದಿನ ವಿಕಾರಾಬಾದಿನ ರೈಲು ಹತ್ತುತ್ತಿದ್ದರು, ಎರಡು ಕೈಯಲ್ಲೂ ಚೀಲ. ಕೇಳಿದರೆ, "ಅಲ್ಲಿ ಹಳೇ ದೋಸ್ತರು ಅದಾರ್ರೀ, ನೋಡಿ ಬರ್ತೀನಿ." ಈ ವಯಸ್ಸಿನಲ್ಲಿ ಎಂಥ ತಿರುಗಾಟದ ಹುಚ್ಚು ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಅವರೂ ಜೊತೆಗೆ ನಗುತ್ತಿದ್ದರು. ನನಗೆ ಬ್ಯಾಟರಿ ಬೇಕಾದಾಗ ಆ ವರ್ಷವೂ ಎರಡು ಸಲ ಶೆಡ್ಡಿನಲ್ಲಿದ್ದ ಇನ್ನೊಬ್ಬರದ್ದನ್ನು ಅವರಿಂದ ಕೇಳಿ ಒಯ್ದೆ.

ನಿಜಾಮರ ಕಾಲ ಮುಗಿಯುವ ಹಿಂದಿನ ವರ್ಷ ಅವರು ಹೋದರು. ಚಳಿಗಾಲದ ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಅಂಗೈಯಲ್ಲಿ ಲಿಂಗ ಇದ್ದಂತೆಯೇ ಗೋಡೆಗೆ ಒರಗಿದರಂತೆ. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಣ್ಣಾಗಿ ಮೂರು ದಿನವಾಗಿತ್ತು. ಅವರ ಹೆಂಡತಿ, ಕಾಕು, ಅಂಗಳದಲ್ಲಿ ಕೂತಿದ್ದರು. ಅದೂ ಇದೂ ಮಾತಿನ ನಡುವೆ, ಸಾಹುಕಾರರು ಮಾತಾಡಿಸಿಕೊಂಡು ಹೋದರೇ ಎಂದು ಕೇಳಿದೆ.

"ಅವರು ಈ ಕಡಿ ಬರೋದು ಬಿಟ್ಟು ಬಹಳ ವರ್ಷ ಆತು ಮಗಾ" ಎಂದರು. "ನೀ ಬ್ಯಾಟರಿ ಒಯ್ದಿದ್ದಿ ನೋಡು, ಆವತ್ತ ಸಂಜಿಕಿ ಮಂದಿ ಕೂಡ್ಯಾರ, ರೇಡಿಯೋ ಇಲ್ಲ. ಎಲ್ಲರ ಮುಂದ ಇವರನ್ನ ನಿಲ್ಲಿಸಿ ಬೈದ್ರು. ಮರುದಿನ ಗಿರಣಿ ಪಟ್ಟಾ ಕಡಿಸಿ ಹಾಕಿದ್ರು. ಒಂದು ವರ್ಷ ಬ್ಯಾಟರಿ ಹೊತಗೊಂಡು ವಿಕಾರಾಬಾದಿಗಿ ಹೋಗಿ ತುಂಬಿಸ್ಕೊಂಡು ಬರ್ತಿದ್ರು. ಆಮ್ಯಾಲ ಗಿರಣಿ ಕೈ ಬದಲಾತು, ಪಟ್ಟಾ ಬಂತು."

ಇದನ್ನು ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

"ನಾ ಹೇಳ್ತೀನಿ ಅಂದಿದ್ದೆ. ಬ್ಯಾಡ ಅಂದ್ರು. ಸಲೋತ್ರಿಗಿ ಗೊತ್ತಾದ್ರ ಮುಂದಿನ ಸಲ ಕೇಳಾಕ ಹೆದರ್ತಾರ ಅಂದ್ರು."

ಹೆದರಲಿಲ್ಲ ನಾನು. ಆಮೇಲೂ ಕೇಳಿದೆ, ಮತ್ತೆ ಮತ್ತೆ ಕೇಳಿದೆ. ಪ್ರತಿ ಸಲವೂ ಅವರು ಒಂದು ಗಳಿಗೆ ತಡೆಯದೆ "ಒಯ್ರಿ" ಎಂದರು, ಮತ್ತು ಕೊಡುವುದು ಅವರಿಗೆ ಸುಲಭವೆಂದೇ ನಾನು ತಿಳಿದಿದ್ದೆ.